ನಾಲ್ಕು ಚಮಚದ ಮಡಿ: ಮಾಳಿಗೆ ಮೇಲೆ ಸಸಿ ಎಬ್ಬಿಸುವ ಜಾಗದ ಟಿಪ್ಪಣಿ

98 ಗುಳಿಯ ಪ್ರೋಟ್ರೇ (ಸಸಿ ಎಬ್ಬಿಸುವ ಪ್ಲಾಸ್ಟಿಕ್ ತಟ್ಟೆ) ತಗೊಂಡು ಒಂದೇ ಒಂದು ಗುಳಿಯೊಳಗಿನ ಕೊಕೊಪೀಟನ್ನು, ಅಂದರೆ ತೆಂಗಿನ ಸಿಪ್ಪೆಯ ಪುಡಿಯನ್ನು, ಟೀ ಚಮಚದಿಂದ ತೆಗೆದು ಅಳೆದು ನೋಡಿ. ನಾಲ್ಕು ಬಂದೀತು, ಒತ್ತಿ ತುಂಬಿದ್ದರೆ ಐದು. ಟೊಮೆಟೊ ಸಸಿ ತನ್ನ ಮೊದಲ 25 ದಿನ ಕಳೆಯುವುದು ಈ ನಾಲ್ಕೈದು ಚಮಚದಲ್ಲಿ. ಹೊಲದ ಮಡಿಯಲ್ಲಿ ಮೇಲ್ಮಣ್ಣು ಒಣಗಿದರೂ ಬೇರು ಕೆಳಗಿಳಿದು ತೇವ ಹುಡುಕಿಕೊಳ್ಳುತ್ತದೆ. ಇಲ್ಲಿ ಇಳಿಯೋಣವೆಂದರೆ ಕೆಳಗೆ ಪ್ಲಾಸ್ಟಿಕ್ಕು, ಅದರ ಕೆಳಗೆ ಗಾಳಿ. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಊಟ ಮಾಡಿ ಒಂದು ಜೊಂಪು ತೆಗೆದು ಏಳುವಷ್ಟರಲ್ಲಿ ಆ ನಾಲ್ಕು ಚಮಚ ಪೂರಾ ಒಣಗಿರುತ್ತದೆ.

ನನ್ನ ಮಟ್ಟಿಗೆ ಮಾಳಿಗೆ ಮೇಲೆ ಸಸಿ ಎಬ್ಬಿಸುವುದರ ಗುಟ್ಟು ಇಷ್ಟೇ. ಕಲಿಯುವವರು ನಾವು ಮೊದಲು ಸಾಮಾನು ತರುತ್ತೇವೆ, ಜಾಗ ಆಮೇಲೆ ಹುಡುಕುತ್ತೇವೆ. ಅದನ್ನು ತಿರುವುಮುರುವು ಮಾಡಬೇಕು. ಈ ಟಿಪ್ಪಣಿಯಲ್ಲಿ ಜಾಗದ ಮಾತೇ ಹೆಚ್ಚಿದೆ, ಕುರ್ಪಿ-ಕತ್ತರಿಯ ಮಾತು ಕಮ್ಮಿ.

ಬಿಸಿಲು ಗೋಡೆ ದಾಟುತ್ತದೆ

ನಮ್ಮ ಮಾಳಿಗೆ ಮೇಲೆ ಮೆಟ್ಟಿಲ ಕೋಣೆ ಇದೆ. ಜನವರಿಯಲ್ಲಿ ನೋಡಿದಾಗ ಅದರ ಉತ್ತರದ ಗೋಡೆಯ ಬದಿಗೆ ದಿನವಿಡೀ ತಂಪು ನೆರಳು. ಇದಕ್ಕಿಂತ ಒಳ್ಳೆ ಜಾಗ ಬೇಕೇ ಎಂದು ಅಲ್ಲೇ ಕಲ್ಲು ಜೋಡಿಸಿ ಟ್ರೇ ಇಟ್ಟೆ. ಮೊದಲ ಸಲ ಬದನೆ ಚೆನ್ನಾಗಿಯೇ ಬಂತು. ಮೇ ತಿಂಗಳಲ್ಲಿ ಅದೇ ಜಾಗದಲ್ಲಿ ಮೆಣಸಿನ ಸಸಿ ಎರಡು ಟ್ರೇ ಸುಟ್ಟು ಕರಕಲಾದವು. ನೀರು ಹಾಕಿದ್ದೆ, ಗೋಡೆ ಅಲ್ಲೇ ಇತ್ತು, ನೆರಳು ಮಾತ್ರ ಇರಲಿಲ್ಲ.

ಕಾರಣ ಶಾಲೆಯ ಭೂಗೋಳದಲ್ಲೇ ಇತ್ತು. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಬೀಳುತ್ತದೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಅವನು ಉತ್ತರಕ್ಕೆ ವಾಲಿರುತ್ತಾನೆ. ಚಳಿಗಾಲದಲ್ಲಿ ನೆರಳಾಗಿದ್ದ ಉತ್ತರದ ಗೋಡೆಗೆ ಆಗ ಬಿಸಿಲು, ಬಿಸಿಲಿದ್ದ ದಕ್ಷಿಣದ ಗೋಡೆಗೆ ನೆರಳು. ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯವರಿಗೂ ಇದೇ ಲೆಕ್ಕ, ದಿನ ಒಂದೆರಡು ಅತ್ತಿತ್ತ.

ವರ್ಷಪೂರ್ತಿ ನಂಬಬಹುದಾದ ನೆರಳು ಗೋಡೆಯ ಪೂರ್ವದ ಬದಿಯದು. ಬೆಳಗಿನ ಎಳೆ ಬಿಸಿಲು ಪೂರಾ ಸಿಗುತ್ತದೆ, ಹೊತ್ತು ವಾಲಿದ ಮೇಲೆ ಗೋಡೆಯೇ ಕೊಡೆ ಹಿಡಿಯುತ್ತದೆ. ಇನ್ನೊಂದು ಲಾಭ ನನಗೆ ಆಷಾಢದಲ್ಲಿ ಗೊತ್ತಾಯಿತು. ಮುಂಗಾರಿನ ಗಾಳಿ ನಮಗೆ ಬೀಸುವುದು ಪಡುವಣದಿಂದ, ನೈಋತ್ಯದಿಂದ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಜೂನ್-ಜುಲೈಯಲ್ಲಿ ಮೋಡ ಮುಚ್ಚಿದ್ದರೂ ಟ್ರೇ ಒಣಗುವುದು ಆ ಗಾಳಿಗೆ. ಪೂರ್ವದ ಬದಿಗಿಟ್ಟರೆ ಗೋಡೆ ಬಿಸಿಲನ್ನೂ ಗಾಳಿಯನ್ನೂ ಒಟ್ಟಿಗೆ ತಡೆಯುತ್ತದೆ.

ಗೋಡೆ ಇಲ್ಲದವರು ಪಡುವಣಕ್ಕೆ ಶೇ 50ರ ನೆರಳು ಪರದೆ ನೇತು ಹಾಕಲಿ. ತಲೆಯ ಮೇಲೂ ಒಂದು ಬೇಕು, ಆದರೆ ಸುರುಳಿ ಸುತ್ತಿಡಲು ಬರುವಂತೆ ಕಟ್ಟಬೇಕು. ಹಸಿರು ಪರದೆ ಒಮ್ಮೆ ಕಟ್ಟಿ ವರ್ಷಗಟ್ಟಲೆ ಹಾಗೇ ಬಿಟ್ಟ ಮಾಳಿಗೆಗಳಲ್ಲಿ ಸಸಿಗಳೆಲ್ಲ ತೆಳ್ಳಗೆ ಉದ್ದಕ್ಕೆ ಬೆಳೆದು ಒಂದರ ಮೇಲೊಂದು ಒರಗಿರುತ್ತವೆ. ಮೋಡದ ದಿನಗಳಲ್ಲಿ ಪರದೆ ಸರಿಸಲೇಬೇಕು.

ಮೇಜು, ಕಾಲು, ಇರುವೆ

ನಿಂತು ಕೆಲಸ ಮಾಡುವ ಮೇಜಿನ ಎತ್ತರ ನಿಮ್ಮ ಮೊಣಕೈಗಿಂತ ಒಂದು ಗೇಣು ಕೆಳಗಿರಲಿ. ನಮ್ಮಲ್ಲಿ ಸಿಮೆಂಟ್ ಬ್ಲಾಕ್ ಮೇಲೆ ಹಳೇ ಅಡುಗೆಮನೆಯ ಕಡಪ ಕಲ್ಲು ಹಾಸಿದ್ದೇವೆ. ಮಣ್ಣು ಕಲಸಲು ಗಾರೆ ಕೆಲಸದ ಬಾಂಡ್ಲಿಗಿಂತ ಒಳ್ಳೆ ಪಾತ್ರೆ ಬೇರೆ ಇಲ್ಲ. ಟ್ರೇಗಳಿಗೆ ಬೇರೆ ಕಬ್ಬಿಣದ ಸ್ಟ್ಯಾಂಡು, ಅಡಿಯಲ್ಲಿ ಗಾಳಿ ಆಡುವಂಥದ್ದು. ಟ್ರೇಯನ್ನು ನೆಲಕ್ಕೋ ಕಲ್ಲಿಗೋ ಅಂಟಿಸಿಟ್ಟರೆ ಬೇರು ಗುಳಿಯ ತೂತಿನಿಂದ ಹೊರಬಂದು ಹಬ್ಬುತ್ತದೆ, ಕೀಳುವಾಗ ಹರಿಯುತ್ತದೆ. ಅಡಿಯಲ್ಲಿ ಬರೀ ಗಾಳಿಯಿದ್ದರೆ ತೂತಿನ ಹತ್ತಿರ ಬಂದ ಬೇರಿನ ತುದಿ ಅಲ್ಲೇ ಒಣಗಿ, ಒಳಗೆ ಹೊಸ ಕವಲೊಡೆಯುತ್ತದೆ.

ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಡಿ. ದಂಟಿನ ಸೊಪ್ಪಿನ ಬೀಜ ಬಿತ್ತಿ "ಹುಟ್ಟಲೇ ಇಲ್ಲ, ಬೀಜ ಕಳಪೆ" ಎಂದು ಅಂಗಡಿಯವರ ಮೇಲೆ ಸಿಟ್ಟಾದವರಲ್ಲಿ ನಾನೂ ಒಬ್ಬಳು. ಮರುದಿನ ಬೆಳಗ್ಗೆ ನೋಡಿದರೆ ಇರುವೆ ಸಾಲಾಗಿ ಬೀಜ ಹೊತ್ತು ಗೋಡೆಯ ಸಂದಿಗೆ ಹೋಗುತ್ತಿತ್ತು. ಬಟ್ಟಲಿನ ನೀರನ್ನು ಮೂರ್ನಾಲ್ಕು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ.

ತೂಕದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. 20 ಲೀಟರಿನ ಪೇಂಟ್ ಬಕೆಟ್ಟಿಗೆ ಬರೀ ಮಣ್ಣು ತುಂಬಿ ನೀರುಣಿಸಿದರೆ 30 ಕೆ.ಜಿ. ಮೀರುತ್ತದೆ. ಮಣ್ಣಿನ ಚೀಲ, ದೊಡ್ಡ ಬಕೆಟ್ಟುಗಳನ್ನು ಮಾಳಿಗೆಯ ನಟ್ಟನಡುವೆ ಗುಡ್ಡೆ ಹಾಕದೆ ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಸಾಲಾಗಿಡಿ.

ಕೊಕೊಪೀಟು ಮತ್ತು ಬೋರಿನ ನೀರು

ಅಂಗಡಿಯಲ್ಲಿ ಸಿಗುವ 5 ಕೆ.ಜಿ.ಯ ಕೊಕೊಪೀಟ್ ಇಟ್ಟಿಗೆ ನೆನೆದರೆ 65-75 ಲೀಟರಿನಷ್ಟು ಉಬ್ಬುತ್ತದೆ. ಮನೆಗೆ ಅದು ವರ್ಷಕ್ಕಾಗುವಷ್ಟು, ಪೂರಾ ಒಮ್ಮೆಲೇ ನೆನೆಸಬೇಡಿ, ಒಡೆದು ಚೂರು ಮಾಡಿಕೊಳ್ಳಿ. ತೆಂಗಿನ ಸಿಪ್ಪೆಯಲ್ಲಿ ತನ್ನದೇ ಉಪ್ಪಿನಂಶ ಇರುತ್ತದೆ, ಸವುಳು ನೀರಲ್ಲಿ ಕೊಳೆಸಿದ ಸಿಪ್ಪೆಯಲ್ಲಂತೂ ಇನ್ನೂ ಹೆಚ್ಚು. ಬಕೆಟ್ಟಿನಲ್ಲಿ ನೆನೆಸಿ, ಹಳೇ ಪಂಚೆಯಲ್ಲಿ ಹಿಂಡಿ, ಮತ್ತೆ ನೆನೆಸಿ, ಮತ್ತೆ ಹಿಂಡಿ. ಮೊದಲ ನೀರು ಚಹಾದ ಬಣ್ಣಕ್ಕಿರುತ್ತದೆ, ಮೂರನೇ ಸಲಕ್ಕೆ ತಿಳಿಯಾಗುತ್ತದೆ. ತುಂಬುವ ಹದ ಹೀಗೆ: ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆಯಾಗಿ ಸುರಿಯಬಾರದು.

ಅಷ್ಟು ತೊಳೆದ ಮೇಲೆ ಅದಕ್ಕೆ ಗಡಸು ಬೋರಿನ ನೀರು ಹಾಕಿದರೆ ತೊಳೆದದ್ದು ದಂಡ. ನಿಮ್ಮ ನಲ್ಲಿಯ ಮೂತಿಯಲ್ಲಿ, ಬಚ್ಚಲ ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯೇ? ಅದೇ ಪೊರೆ ಟ್ರೇ ಮೇಲೂ ಕಟ್ಟುತ್ತದೆ. ನೀರಿನ ಕ್ಷಾರ ಹೆಚ್ಚಿದರೆ ಸಸಿಗೆ ಕಬ್ಬಿಣದ ಅಂಶ ಹಿಡಿಯುವುದಿಲ್ಲ, ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರುಳಿಯುತ್ತದೆ. ಸಸಿಮಡಿಗೆ ಬೇಕಾಗುವುದು ದಿನಕ್ಕೆ ಎರಡು-ಮೂರು ತಂಬಿಗೆ ನೀರು. ಅಷ್ಟಕ್ಕೆ ಒಂದು ಡ್ರಮ್ಮು ಮಳೆನೀರು ಮುಚ್ಚಿಟ್ಟರೆ, ಇಲ್ಲವೇ ನಗರಸಭೆ-ಪಾಲಿಕೆಯ ನಲ್ಲಿ ನೀರು ತುಂಬಿಟ್ಟುಕೊಂಡರೆ ಸಾಕು. ಬೋರಿನ ನೀರು ಬಲಿತ ಗಿಡಗಳಿಗೆ ಹೋಗಲಿ.

ಬಿತ್ತುವುದು, ಮುಚ್ಚುವುದು, ತೆರೆಯುವುದು

ಬೀಜದ ದಪ್ಪದ ಎರಡು-ಮೂರು ಪಟ್ಟು ಆಳ, ಅದಕ್ಕಿಂತ ಹೆಚ್ಚು ಬೇಡ. ಎಷ್ಟು ಬೀಜ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕವಿದೆ. ಪ್ರಮಾಣಿತ ಬೀಜಕ್ಕೆ ಕನಿಷ್ಠ ಇರಬೇಕಾದ ಮೊಳಕೆ ಪ್ರಮಾಣ ಟೊಮೆಟೊ, ಬದನೆಗೆ ಶೇ 70, ಮೆಣಸಿನಕಾಯಿಗೆ ಶೇ 60. ಅಂದರೆ 20 ಮೆಣಸಿನ ಗಿಡ ಬೇಕಿದ್ದರೆ 34 ಬೀಜ ಬಿತ್ತಬೇಕು. "20ಕ್ಕೆ 13 ಮಾತ್ರ ಹುಟ್ಟಿತು" ಎಂದು ಕೊರಗುವವರು ಪಾಕೀಟಿನ ಹಿಂಬದಿ ಓದಿಲ್ಲ ಅಷ್ಟೇ.

ಬಿತ್ತಿದ ಟ್ರೇಗಳನ್ನು ನರ್ಸರಿಯವರು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡುತ್ತಾರೆ. ಮೊಳೆಯುವವರೆಗೆ ಬೇಕಾದದ್ದು ಬಿಸುಪು ಮತ್ತು ತೇವ, ಬೆಳಕಲ್ಲ. ಮನೆಯಲ್ಲೂ ಇದನ್ನೇ ಮಾಡಿ, ಆದರೆ ನೆರಳಿನಲ್ಲಿ. ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಒಳಗೆ ಬೀಜ ಬೆಂದೇ ಹೋಗುತ್ತದೆ. ನಾಜೂಕಿನ ಘಳಿಗೆ ಇರುವುದು ತೆರೆಯುವಾಗ. ಟೊಮೆಟೊ ಆದರೆ ನಾಲ್ಕನೇ ದಿನದಿಂದ ಬೆಳಗ್ಗೆ-ಸಂಜೆ ಇಣುಕಿ ನೋಡಬೇಕು. ಕೊಕೊಪೀಟ್ ಸಣ್ಣಗೆ ಬಿರುಕು ಬಿಟ್ಟು ಬಿಳಿ ಕೊಕ್ಕೆಯಂಥ ಕಾಂಡ ಬೆನ್ನು ತೋರಿಸುತ್ತದೆ. ಅಂಥ ನಾಲ್ಕೈದು ಕಂಡರೂ ಸಾಕು, ಉಳಿದವಕ್ಕೆ ಕಾಯದೆ ಹಾಳೆ ಬಿಚ್ಚಿ ಬೆಳಕಿಗಿಡಿ. ನಾನೊಮ್ಮೆ ಹರಿಹರಕ್ಕೆ ಮದುವೆಗೆ ಹೋಗಿ ಒಂದು ರಾತ್ರಿ ತಡ ಮಾಡಿದೆ. ಬಂದು ನೋಡಿದರೆ ಎರಡಿಂಚು ಉದ್ದದ ಬಿಳಿ ನೂಲು. ಅವು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಮೆಣಸಿನಕಾಯಿ ನಿಧಾನಿ, ಎಂಟರಿಂದ ಹನ್ನೆರಡು ದಿನ ಹಿಡಿಯುತ್ತದೆ.

ಹುಟ್ಟಿದ ಮೇಲೆ ಸಸಿಯನ್ನು ಸಾಯಿಸುವುದು ನಮ್ಮ ಪ್ರೀತಿ. ಸಂಜೆ ಸಂಜೆ ನಾನು ಸ್ಪ್ರೇ ಹಿಡಿದು ನಿಲ್ಲುತ್ತಿದ್ದೆ. ನಮ್ಮತ್ತೆ ಮೆಟ್ಟಿಲ ಬಾಗಿಲಲ್ಲಿ ಕೂತು ಹೇಳಿದರು: "ಅಲ್ಲವ್ವಾ, ಕೂಸಿಗೆ ಹೊತ್ತು ಮುಳುಗಿದ ಮೇಲೆ ತಲೆಗೆ ನೀರು ಹಾಕ್ತೀಯೇನು?" ನಾಲ್ಕು ದಿನಕ್ಕೆ ಸಸಿಗಳು ಬುಡದಲ್ಲಿ ನೀರು ಹತ್ತಿದಂತಾಗಿ, ದಾರ ಕಟ್ಟಿದ ಹಾಗೆ ಸಣ್ಣಗಾಗಿ ಮಲಗಿದವು. ಇದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾದಂಥ ರೋಗಾಣುಗಳು ರಾತ್ರಿಯಿಡೀ ಆರದ ತೇವಕ್ಕೆ ಕಾದಿರುತ್ತವೆ. ನೀರು ಬೆಳಗ್ಗೆಯೇ ಕೊಡಿ, ಸಂಜೆಗೆ ಮೇಲ್ಪದರ ಆರಿರಲಿ. ಬಿತ್ತುವ ಮೊದಲೇ ಕೊಕೊಪೀಟಿಗೆ ಟ್ರೈಕೋಡರ್ಮಾ (ಇಂಥ ರೋಗಾಣುಗಳನ್ನು ತಡೆಯುವ ಒಳ್ಳೆ ಶಿಲೀಂಧ್ರ) ಪುಡಿ ಕಲಸಿದ್ದರೆ ಒಳ್ಳೆಯದು. ಮಲಗಿದ ಸಸಿಯನ್ನು ಅದರ ಗುಳಿಯ ಪುಡಿ ಸಮೇತ ಕಿತ್ತು ಹೊರಗೆ ಹಾಕಿ.

ಬೀಜದೆಲೆಗಳಾದ ಮೇಲೆ ಬರುವ ಮೊದಲ ನಿಜ ಎಲೆ ಕಂಡ ಮೇಲೆ ಸಸಿಗೆ ಆಹಾರ ಬೇಕು, ಕೊಕೊಪೀಟಿನಲ್ಲಿ ಉಣ್ಣಲು ಏನೂ ಇರುವುದಿಲ್ಲ. 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವಂಥದ್ದು) ಲೀಟರ್ ನೀರಿಗೆ 1ರಿಂದ 2 ಗ್ರಾಂ, ವಾರಕ್ಕೊಮ್ಮೆ. ರಾಸಾಯನಿಕ ಬೇಡ ಎನ್ನುವವರು ಎರೆಗೊಬ್ಬರದ ತಿಳಿನೀರು ಕೊಡಬಹುದು.

ಮೂಲಂಗಿ, ಕ್ಯಾರೆಟ್, ಬೆಂಡೆ, ಬೀನ್ಸ್ ಇವ್ಯಾವೂ ಟ್ರೇಗೆ ಬೇಡ. ನೇರ ಕುಂಡಕ್ಕೆ ಹಾಕಿ.

ಕುಂಡದ ಮಣ್ಣು

ನಮ್ಮ ಸೀಮೆಯಲ್ಲಿ ಎರೆಮಣ್ಣೂ ಉಂಟು, ಕೆಂಪು ಮಣ್ಣೂ ಉಂಟು. ಹೊಲದಲ್ಲಿ ಎರೆ ಬಂಗಾರ, ಹತ್ತಿ-ಜೋಳ ಅದರಲ್ಲೇ ಬೆಳೆದದ್ದು. ಕುಂಡದಲ್ಲಿ ಅದೇ ಶತ್ರು: ನೆನೆದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಂಡು, ಹಾಕಿದ ನೀರೆಲ್ಲ ಆ ಸಂದಿಯಿಂದ ಇಳಿದು ಹೋಗುತ್ತದೆ. ಕೆಂಪು ಮಣ್ಣು, ಕಳಿತ ತಿಪ್ಪೆಗೊಬ್ಬರ, ಕೊಕೊಪೀಟ್ ಸಮಪಾಲು ಎನ್ನುವುದು ಎಲ್ಲರ ಲೆಕ್ಕ. ನಾನು ಕೊಕೊಪೀಟಿನ ಅರ್ಧದಷ್ಟನ್ನು ಅಕ್ಕಿ ಗಿರಣಿ ಕಡೆ ಸಿಗುವ ಭತ್ತದ ಕರಕಲು ಹೊಟ್ಟಿನಿಂದ ತುಂಬುತ್ತೇನೆ. ಹಗುರ, ಬೇಗ ಕೊಳೆಯುವುದಿಲ್ಲ, ಗಾಳಿಯಾಡುತ್ತದೆ. ಪೂರಾ ಸುಟ್ಟು ಬೆಳ್ಳಗಾದ ಬೂದಿಯನ್ನು ಮಾತ್ರ ಜರಡಿ ಹಿಡಿದು ಬಿಡಿ, ಅದು ಕ್ಷಾರ. ನಮ್ಮ ನೀರಿನಲ್ಲಿರುವುದೇ ಸಾಕು.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ನಮಗೆಲ್ಲ ಯಾರೋ ಹೇಳಿಕೊಟ್ಟಿದ್ದಾರೆ. ಪಾತ್ರೆ ತೊಳೆಯುವ ಸ್ಪಂಜು ತಗೊಂಡು ಪರೀಕ್ಷಿಸಿ. ನೀರಲ್ಲಿ ಅದ್ದಿ, ಅಂಗೈ ಮೇಲೆ ಅಡ್ಡಲಾಗಿ ಹಿಡಿಯಿರಿ. ಸ್ವಲ್ಪ ಸೋರಿ ನಿಲ್ಲುತ್ತದೆ. ಈಗ ಹಿಂಡದೆ ಹಾಗೇ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ, ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಹೆಚ್ಚಿತು. ಮಣ್ಣೂ ಹೀಗೇ, ತಳದಲ್ಲಿ ಇಷ್ಟು ದಪ್ಪ ಎಂದು ನೀರು ಹಿಡಿದೇ ಇರುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರುತ್ತದೆ. ತೂತು ಮುಚ್ಚದಿರಲು ಒಂದು ಬಲೆ ತುಂಡೋ ಹೆಂಚಿನ ಚೂರೋ ಸಾಕು.

ಕುಂಡಕ್ಕೆ ನಾಟಿ ಮಾಡುವ ಮುಂಚಿನ ಒಂದು ವಾರ ನೀರು ಕಮ್ಮಿ ಮಾಡಿ, ದಿನಕ್ಕೊಂದು ತಾಸು ಬಿಸಿಲು ಹೆಚ್ಚಿಸಿ. ಮೆಣಸಿಗೆ ಬಿತ್ತಿದ ಮೇಲೆ 35-45 ದಿನ ಬೇಕು, ಟೊಮೆಟೊಗೆ 25-30. "ರೋಹಿಣಿ ಮಳೆ ಬಂದರೆ ಓಣಿ ತುಂಬಾ ಜೋಳ" ಅನ್ನುತ್ತಾರಲ್ಲ, ಆ ಮೇ ಕೊನೆಯ ರೋಹಿಣಿಯಲ್ಲಿ ಟೊಮೆಟೊ ಟ್ರೇ ಹಾಕಿದರೆ ಸರಿಯಾಗಿ ಆರಿದ್ರಾ ಮಳೆ ಹೊತ್ತಿಗೆ ಸಸಿ ಕೈಗೆ ಬರುತ್ತದೆ. ಖಾಲಿಯಾದ ಟ್ರೇಗಳನ್ನು ಸೋಪಿನ ನೀರಲ್ಲಿ ತಿಕ್ಕಿ, ಬ್ಲೀಚಿಂಗ್ ಪುಡಿಯ ನೀರಲ್ಲಿ ಅದ್ದಿ, ಉತ್ತರದ ಗೋಡೆಗೆ ಒರಗಿಸಿ ಒಣಗಿಸಿ. ಜೂನಿನಲ್ಲಿ ಬಿಸಿಲು ಬಿದ್ದರೆ ಅಲ್ಲೇ ಬೀಳುವುದು.