ಕೇಸ್ ಫ್ಯಾನ್ ಸ್ಪೀಡ್ ಇಳಿಸೋದು ಇಷ್ಟು ಗೋಜಲಾಗಿದ್ದು ಹೇಗೆ

ಕಂಪ್ಯೂಟರ್ ಕೇಸ್ ಒಳಗಿನ ಫ್ಯಾನ್ ಸ್ವಲ್ಪ ನಿಧಾನ ತಿರುಗ್ಲಿ, ಬೇಕಾಗಿರೋದು ಇಷ್ಟೇ. ಆದ್ರೆ ಕೇಳೋಕೆ ಹೋದ್ರೆ ಒಬ್ರು ಬಯಾಸ್‌ನಲ್ಲೇ, ಅಂದ್ರೆ ವಿಂಡೋಸ್ ಶುರುವಾಗೋಕೆ ಮುಂಚೆ ಸಿಗೋ ಬೋರ್ಡಿನ ಸೆಟ್ಟಿಂಗ್ಸ್‌ನಲ್ಲೇ ಮಾಡಿ ಅಂತಾರೆ, ಇನ್ನೊಬ್ರು ಸಾಫ್ಟ್‌ವೇರ್ ಹಾಕ್ಕೊಳ್ಳಿ ಅಂತಾರೆ, ಮತ್ತೊಬ್ರು ಆ ಸಾಫ್ಟ್‌ವೇರನ್ನ ಆಂಟಿವೈರಸ್ ಹಿಡಿಯುತ್ತೆ ಹುಷಾರು ಅಂತಾರೆ, ಅಷ್ಟರಲ್ಲಿ ಯಾರೋ ಬಂದು ನಿಮ್ದು ಮೂರು ಪಿನ್ನಾ ನಾಲ್ಕು ಪಿನ್ನಾ ಅಂತ ಕೇಳ್ತಾರೆ. ಎಲ್ಲರೂ ಹೇಳ್ತಿರೋದು ನಿಜಾನೇ. ಒಬ್ಬೊಬ್ರು ಒಂದೊಂದು ಕಾಲದ ಮಾತು ಹೇಳ್ತಿದ್ದಾರೆ, ಅದಕ್ಕೇ ತಾಳೆ ಆಗ್ತಿಲ್ಲ. ಹಾಗಾಗಿ ಮೊದಲಿಂದ ಒಂದ್ಸಲ ಬಿಡಿಸಿ ನೋಡೋಣ.

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಇದ್ದಿದ್ದು ಪವರ್ ಸಪ್ಲೈ ಒಳಗಿನ ಫ್ಯಾನ್ ಮಾತ್ರ, 8088 ಪ್ರೊಸೆಸರ್ ತಲೆ ಮೇಲೆ ಬಿಸಿ ಹೀರೋ ಲೋಹದ ಹೀಟ್‌ಸಿಂಕ್ ಕೂಡ ಇರ್ಲಿಲ್ಲ. 486 ಕಾಲಕ್ಕೆ ಹೀಟ್‌ಸಿಂಕ್ ಬಂತು, 1993ರ ಪೆಂಟಿಯಂ ಹೊತ್ತಿಗೆ ಅದರ ಮೇಲೊಂದು ಫ್ಯಾನ್ ಕೂತ್ಕೊಳ್ತು, ಆಮೇಲೆ ಕೇಸ್‌ಗೂ ಫ್ಯಾನ್ ಬಂದ್ವು. ಆಗೆಲ್ಲ ಎರಡೇ ವೈರ್, ಒಂದು 12 ವೋಲ್ಟ್, ಇನ್ನೊಂದು ಗ್ರೌಂಡ್. ಸ್ವಿಚ್ ಹಾಕಿದ್ರೆ ಪೂರ್ತಿ ಸ್ಪೀಡ್, ತೆಗೆದ್ರೆ ಬಂದ್. ಕಂಟ್ರೋಲ್ ಅನ್ನೋ ಮಾತೇ ಇರ್ಲಿಲ್ಲ.

ಮೂರನೇ ವೈರ್ ಬಂದಿದ್ದು ಕಂಟ್ರೋಲ್ ಮಾಡೋಕಲ್ಲ, ಫ್ಯಾನ್ ತಿರುಗ್ತಿದೆಯೋ ನಿಂತಿದೆಯೋ ನೋಡೋಕೆ. ಮೋಟರ್ ಒಳಗಿನ ಹಾಲ್ ಸೆನ್ಸರ್ ಒಂದು ಸುತ್ತಿಗೆ ಎರಡು ಪಲ್ಸ್ ಕೊಡುತ್ತೆ, ಅಂದ್ರೆ ನಿಮಿಷಕ್ಕೆ 1200 ಸುತ್ತೋ ಫ್ಯಾನ್ ಸೆಕೆಂಡಿಗೆ 40 ಪಲ್ಸ್ ಕಳಿಸುತ್ತೆ. ಅದನ್ನ ಅಳೆಯೋಕೆ ಮದರ್‌ಬೋರ್ಡ್ ಮೇಲೆ ನ್ಯಾಷನಲ್ ಸೆಮಿಕಂಡಕ್ಟರ್‌ನ ಎಲ್‌ಎಂ78 ಥರದ ಚಿಪ್‌ಗಳು ಬಂದ್ವು. ಈ ಚಿಪ್ ಪಲ್ಸ್‌ಗಳ ನಡುವೆ ತನ್ನ ಗಡಿಯಾರದ ಟಿಕ್ ಎಷ್ಟು ಬಿತ್ತು ಅಂತ ಎಣಿಸುತ್ತೆ, ಎಣಿಸಿದ್ದನ್ನ ಇಡೋಕೆ ಇರೋ ಜಾಗ 8 ಬಿಟ್, 255 ದಾಟಿದ್ರೆ ಫ್ಯಾನ್ ನಿಂತಿದೆ ಅಂತ ಲೆಕ್ಕ. ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು ಬೇಕಂದ್ರೆ 13,50,000ವನ್ನ ಆ ಎಣಿಕೆಯಿಂದಲೂ ಡಿವೈಸರ್ ಅನ್ನೋ ಇನ್ನೊಂದು ಅಂಕಿಯಿಂದಲೂ ಭಾಗಿಸ್ಬೇಕು. ಡಿವೈಸರ್ 2 ಇದ್ರೆ 2,647ಕ್ಕಿಂತ ನಿಧಾನ ತಿರುಗೋ ಫ್ಯಾನ್ ಎಲ್ಲವೂ ಸೊನ್ನೆ ಅಂತಲೇ ಕಾಣುತ್ತೆ. ಕಣ್ಣೆದುರು ಫ್ಯಾನ್ ಚೆನ್ನಾಗೇ ತಿರುಗ್ತಿದೆ, ಸ್ಕ್ರೀನ್ ಮೇಲೆ ಸೊನ್ನೆ! ಡಿವೈಸರನ್ನ 8ಕ್ಕೆ ಏರಿಸಿದ್ರೆ 1200ರದ್ದು ಸರಿಯಾಗಿ ಬರುತ್ತೆ. ಫ್ಯಾನ್ ಕೆಟ್ಟಿದೆ ಅಂದ್ಕೊಂಡು ಬದಲಾಯಿಸಿದವರು ಆಗ ಬೇಕಾದಷ್ಟು ಜನ ಇದ್ರು. ಇದನ್ನ ಇಷ್ಟುದ್ದ ಹೇಳ್ತಿರೋದು ಯಾಕಂದ್ರೆ, ಚಿಪ್ ಒಳಗೆ ಏನು ನಡೀತಿದೆ ಅಂತ ಬಳಸೋನಿಗೆ ಗೊತ್ತಾಗದೇ ಇರೋ ಸಮಸ್ಯೆ ಶುರುವಾಗಿದ್ದೇ ಇಲ್ಲಿಂದ, ಇವತ್ತಿಗೂ ಅದು ಹೋಗಿಲ್ಲ.

ಸದ್ದು ತಡೀದೇ ಇದ್ದವರು ಆ ಕಾಲದಲ್ಲಿ ಕೈಯಿಂದಲೇ ದಾರಿ ಹುಡುಕ್ಕೊಂಡ್ರು. ಪವರ್ ಸಪ್ಲೈಯಿಂದ ಬರೋ ದೊಡ್ಡ ನಾಲ್ಕು ಪಿನ್ ಕನೆಕ್ಟರ್‌ನಲ್ಲಿ ಹಳದಿ ವೈರ್ 12 ವೋಲ್ಟ್, ಕೆಂಪು 5 ವೋಲ್ಟ್, ಹಳದಿ ಕೆಂಪು ಎರಡರ ನಡುವೆ ಫ್ಯಾನ್ ಕೂರಿಸಿದ್ರೆ ಸಿಗೋದು 7 ವೋಲ್ಟ್. ತುಂಬಾ ಜನ ಹೀಗೇ ಮಾಡಿದ್ರು. ಆದ್ರೆ ಇದರಲ್ಲಿ ಕರೆಂಟ್ 5 ವೋಲ್ಟ್ ಲೈನಿಗೇ ವಾಪಸ್ ಹೋಗುತ್ತೆ, ಆ ಲೈನಲ್ಲಿ ಬೇರೆ ಲೋಡ್ ಸಾಕಷ್ಟು ಇಲ್ಲಾಂದ್ರೆ ವೋಲ್ಟೇಜ್ ಮೇಲೇರುತ್ತೆ, ಅದಕ್ಕೇ ಇದು ಯಾರಿಗೂ ಹೇಳಿಕೊಡೋ ಉಪಾಯ ಅಲ್ಲ. ಇನ್ನು ಕೆಲವರು ಸಿಡಿ ಡ್ರೈವ್ ಕೂರೋ 5.25 ಇಂಚಿನ ಜಾಗಕ್ಕೆ ತಿರುಗಿಸೋ ಗುಂಡಿಗಳಿರೋ ಪ್ಯಾನಲ್ ಹಾಕ್ಕೊಂಡ್ರು. ಇಷ್ಟೆಲ್ಲ ಒದ್ದಾಡಿದ್ದಕ್ಕೆ ಕಾರಣ ಇದೆ. ಫ್ಯಾನ್ ಸ್ಪೀಡ್ ಅರ್ಧ ಮಾಡಿದ್ರೆ ಗಾಳಿ ಹೆಚ್ಚುಕಮ್ಮಿ ಅರ್ಧ ಆಗುತ್ತೆ, ಆದ್ರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತೆ, ತಗೊಳ್ಳೋ ಪವರ್ ಎಂಟನೇ ಒಂದಕ್ಕೆ ಬರುತ್ತೆ. ಅರ್ಧ ಗಾಳಿ ಬಿಟ್ಟುಕೊಟ್ಟು ಅಷ್ಟೊಂದು ನೆಮ್ಮದಿ ಸಿಗೋದಾದ್ರೆ ಯಾರು ಬಿಡ್ತಾರೆ.

ವೋಲ್ಟೇಜ್ ಇಳಿಸೋದ್ರಲ್ಲಿ ತೊಂದರೆ ಏನಂದ್ರೆ, ತಿರುಗ್ತಿರೋ ಫ್ಯಾನ್ ಕಡಿಮೆ ವೋಲ್ಟೇಜಲ್ಲೂ ತಿರುಗ್ತಾ ಇರುತ್ತೆ, ನಿಂತಿರೋದನ್ನ ಹೊರಡಿಸೋಕೆ ಮಾತ್ರ ಜಾಸ್ತಿ ಬೇಕು. ಇದಕ್ಕೆ ಉತ್ತರವಾಗಿ ಬಂದಿದ್ದು ನಾಲ್ಕನೇ ವೈರ್. ಇಂಟೆಲ್ ಇದಕ್ಕೊಂದು ಸ್ಪೆಸಿಫಿಕೇಶನ್ ಬರೆದು ಎಲ್ಲರಿಗೂ ಸಿಗೋ ಹಾಗೆ ಇಡ್ತು, 2004ರ ಎಲ್‌ಜಿಎ775 ಬೋರ್ಡ್‌ಗಳ ಜೊತೆ ಇದು ಮನೆಮನೆಗೂ ಬಂತು. ಮೋಟರ್‌ಗೆ ಯಾವಾಗ್ಲೂ ಪೂರ್ತಿ 12 ವೋಲ್ಟ್ ಇರುತ್ತೆ, ಎಷ್ಟು ಜೋರಾಗಿ ತಿರುಗ್ಬೇಕು ಅನ್ನೋದನ್ನ ಪಿಡಬ್ಲ್ಯೂಎಂ ಅನ್ನೋ ನಾಲ್ಕನೇ ವೈರ್ ಹೇಳುತ್ತೆ, ಸೆಕೆಂಡಿಗೆ 25,000 ಸಲ ಆನ್ ಆಫ್ ಆಗೋ ಸಿಗ್ನಲ್, 21ರಿಂದ 28 ಕಿಲೋಹರ್ಟ್ಸ್ ಒಳಗಿದ್ರೆ ಸಾಕು. ಅದು ಮನುಷ್ಯರ ಕಿವಿಗೆ ಕೇಳೋ ಮಿತಿಗಿಂತ ಮೇಲೆ, ಹಾಗಾಗಿ ಕಿರಿಕಿರಿ ಇಲ್ಲ. ನನಗೆ ತುಂಬಾ ಇಷ್ಟ ಆಗೋದು ಇದರ ಇನ್ನೊಂದು ಗುಣ. ಆ ನಾಲ್ಕನೇ ವೈರನ್ನ ಫ್ಯಾನ್ ಒಳಗಿಂದಲೇ ಮೇಲಕ್ಕೆ ಎಳೆದಿಟ್ಟಿರ್ತಾರೆ, ಸುಮ್ನೆ ಬಿಟ್ರೆ ಅದು ಆನ್ ಆಗೇ ಇರುತ್ತೆ, ಆಫ್ ಮಾಡೋಕೆ ಬೋರ್ಡ್ ಅದನ್ನ ಕೆಳಗೆ ಎಳೀಬೇಕು. ಅಂದ್ರೆ ವೈರ್ ತುಂಡಾದ್ರೂ, ಬೋರ್ಡ್ ಸುಮ್ಮನಾದ್ರೂ ಫ್ಯಾನ್ ಪೂರ್ತಿ ಸ್ಪೀಡ್‌ಗೆ ಹೋಗುತ್ತೆ, ನಿಲ್ಲಲ್ಲ. ಏನಾದ್ರೂ ತಪ್ಪಿದ್ರೆ ಗಲಾಟೆ ಆಗ್ಲಿ, ಬಿಸಿ ಆಗೋದು ಬೇಡ ಅನ್ನೋ ಲೆಕ್ಕ. ಹಳೇ ಮೂರು ಪಿನ್ ಫ್ಯಾನ್ ಕೂಡ ಅದೇ ಜಾಗದಲ್ಲಿ ಕೂರುತ್ತೆ.

ಕೂರುತ್ತೆ ಅನ್ನೋದೇ ಕೆಲವು ಸಲ ದಾರಿ ತಪ್ಪಿಸುತ್ತೆ. ನಾನು ಹಳೇ ಕೇಸಿನ ಮೂರು ಪಿನ್ ಫ್ಯಾನನ್ನ ಹೊಸ ಬೋರ್ಡಿಗೆ ಹಾಕಿ, ಬಯಾಸ್‌ನಲ್ಲಿ ಇಷ್ಟು ಬಿಸಿಗೆ ಇಷ್ಟು ಸ್ಪೀಡ್ ಅನ್ನೋ ಕರ್ವ್ ಎಳೆದು, 30 ಪರ್ಸೆಂಟ್‌ಗೆ ಇಳಿಸಿ, ಸೇವ್ ಮಾಡಿ, ಮತ್ತೆ ಆನ್ ಮಾಡಿ, ಹೀಗೇ ಒಂದು ಸಂಜೆ ಪೂರ್ತಿ ಕಳೆದೆ, ಫ್ಯಾನ್ ಮಾತ್ರ ಅದೇ ಭೋರ್ ಅನ್ನೋ ಸದ್ದು. ಕೊನೆಗೆ ನೋಡಿದ್ರೆ ಬೋರ್ಡ್ ಮೇಲೆ ಫ್ಯಾನ್ ಚುಚ್ಚೋ ಆ ಹೆಡರ್ ಪಿಡಬ್ಲ್ಯೂಎಂ ಮೋಡ್‌ನಲ್ಲಿತ್ತು. ಬೋರ್ಡ್ ಪಾಪ ನಾಲ್ಕನೇ ಪಿನ್ ಮೇಲೆ ನಿಧಾನ ನಿಧಾನ ಅಂತ ಹೇಳ್ತಾನೇ ಇತ್ತು, ಆ ಪಿನ್‌ಗೆ ಈ ಫ್ಯಾನ್‌ನಲ್ಲಿ ವೈರೇ ಇಲ್ಲ. ಮೋಡನ್ನ ಡಿಸಿಗೆ, ಅಂದ್ರೆ ವೋಲ್ಟೇಜ್ ಇಳಿಸಿ ನಿಧಾನ ಮಾಡೋದಕ್ಕೆ ಬದಲಾಯಿಸಿದ ತಕ್ಷಣ ರೂಮ್ ಶಾಂತ ಆಯ್ತು.

ಇಲ್ಲಿವರೆಗಿನ ಕಥೆ ಒಂದು ಲೆಕ್ಕಕ್ಕೆ ಚೆನ್ನಾಗೇ ಮುಗೀತು, ಯಾವ ಕಂಪನಿ ಫ್ಯಾನನ್ನ ಯಾವ ಕಂಪನಿ ಬೋರ್ಡಿಗೆ ಹಾಕಿದ್ರೂ ಕೆಲಸ ಮಾಡುತ್ತೆ. ಗೋಜಲು ಇರೋದು ಆ ವೈರಿನ ಹಿಂದೆ. ಸಿಗ್ನಲ್ ಹುಟ್ಟಿಸೋದು ಸೂಪರ್ ಐಒ ಅನ್ನೋ ಚಿಪ್, ನುವೊಟಾನ್, ಐಟಿಇ, ಫಿನ್‌ಟೆಕ್ ಹೀಗೆ ಮಾಡೋರು ಬೇರೆಬೇರೆ, ಒಂದೊಂದರಲ್ಲಿ ಆಜ್ಞೆ ಬರೆಯೋ ಜಾಗಗಳ, ಅಂದ್ರೆ ರಿಜಿಸ್ಟರ್‌ಗಳ ವ್ಯವಸ್ಥೆಯೂ ಬೇರೆ, ಕೆಲವದ್ದರ ವಿವರ ಬರೆದಿರೋ ಡೇಟಾಶೀಟ್ ಹೊರಗೆ ಸಿಗೋದೇ ಇಲ್ಲ. ಅದರ ಮೇಲೆ ಬೋರ್ಡ್ ಮಾಡೋರು ಯಾವ ಹೆಡರನ್ನ ಯಾವ ಚಾನೆಲ್‌ಗೆ ಜೋಡಿಸಿದ್ದಾರೆ ಅನ್ನೋದಕ್ಕೂ ನಿಯಮ ಇಲ್ಲ. ಬೋರ್ಡ್ ಮತ್ತು ಆಪರೇಟಿಂಗ್ ಸಿಸ್ಟಂ ಮಾತಾಡ್ಕೊಳ್ಳೋಕೆ ಇರೋ ಎಸಿಪಿಐ ಅನ್ನೋ ನಿಯಮದಲ್ಲಿ ಫ್ಯಾನ್‌ಗೆ ಅಂತ ಒಂದು ಸಾಮಾನ್ಯ ದಾರಿ ಇದೆ, 2009ರ 4.0 ಆವೃತ್ತಿಯಲ್ಲಿ ಸ್ಪೀಡ್ ಹಂತಹಂತವಾಗಿ ಬದಲಾಯಿಸೋ ವ್ಯವಸ್ಥೆನೂ ಬಂತು, ಆದ್ರೆ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಕೇಸ್ ಫ್ಯಾನ್‌ಗೆ ಅದನ್ನ ಬಳಸಿರೋದು ಕಾಣೋದೇ ಅಪರೂಪ. ವೈರ್ ವಿಷಯದಲ್ಲಿ ಕೂತು ಒಂದು ಕಾಗದ ಬರೆದ ಹಾಗೆ ಇದಕ್ಕೂ ಬರೆದು, ಎಲ್ಲರೂ ಪಾಲಿಸಿದ್ದಿದ್ರೆ ಮುಂದಿನದ್ದು ಯಾವುದೂ ಆಗ್ತಿರ್ಲಿಲ್ಲ ಅನ್ಸುತ್ತೆ.

ಅದರ ಪರಿಣಾಮ ಏನಂದ್ರೆ, ಸಾಫ್ಟ್‌ವೇರ್ ಬರೆಯೋರು ಒಂದೊಂದು ಚಿಪ್ಪನ್ನೂ ತಾವೇ ಅರ್ಥ ಮಾಡ್ಕೊಂಡು ಬರೀಬೇಕಾಯ್ತು. ಲಿನಕ್ಸ್‌ನಲ್ಲಿ ಪಿಡಬ್ಲ್ಯೂಎಂಕಾನ್ಫಿಗ್ ಅನ್ನೋ ಸ್ಕ್ರಿಪ್ಟ್ ಓಡಿಸಿ ನೋಡಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತೆ. ಯಾವ ಕಂಟ್ರೋಲ್ ಯಾವ ಫ್ಯಾನ್‌ದು ಅಂತ ತಿಳಿಯೋಕೆ ಅದಕ್ಕಿರೋದು ಒಂದೇ ದಾರಿ, ಒಂದೊಂದನ್ನೇ ಸೊನ್ನೆಗೆ ಇಳಿಸೋದು, ಸ್ವಲ್ಪ ಹೊತ್ತು ಕಾಯೋದು, ಯಾವ ಆರ್‌ಪಿಎಂ ಬಿತ್ತು ಅಂತ ನೋಡೋದು. ಒಂದೊಂದಾಗಿ ಫ್ಯಾನ್ ನಿಂತು, ಮತ್ತೆ ಎದ್ದು, ಪಕ್ಕದ್ದು ನಿಲ್ಲುತ್ತೆ, ಹೊಸದಾಗಿ ಹೋದ ಮನೇಲಿ ಯಾವ ಸ್ವಿಚ್ ಯಾವ ದೀಪದ್ದು ಅಂತ ಹುಡುಕಿದ ಹಾಗೆ. ಎಲ್ಲ ಮುಗಿದು 0ರಿಂದ 255ರ ನಡುವೆ ಒಂದು ಅಂಕಿ ಬರೆದು ಕಾನ್ಫಿಗ್ ಇಟ್ಕೊಂಡ್ರೆ, ಮುಂದಿನ ರೀಬೂಟ್‌ಗೆ ಆ ಚಿಪ್‌ಗೆ ಲಿನಕ್ಸ್ ಕೊಟ್ಟ ಹೆಸರು ಎಚ್‌ಡಬ್ಲ್ಯೂಮಾನ್2 ಇದ್ದಿದ್ದು ಎಚ್‌ಡಬ್ಲ್ಯೂಮಾನ್3 ಆಗಿರ್ಬಹುದು, ಆಗ ಆ ಕಾನ್ಫಿಗ್ ಓದಿ ಫ್ಯಾನ್ ಓಡಿಸೋ ಲಿನಕ್ಸಿನ ಫ್ಯಾನ್‌ಕಂಟ್ರೋಲ್ ಸ್ಕ್ರಿಪ್ಟ್ ಡಿವೈಸ್ ಬದಲಾಗಿದೆ ಅಂತ ಹೇಳಿ ಶುರುವಾಗೋಕೇ ಒಪ್ಪಲ್ಲ. ಒಪ್ಪದೇ ಇರೋದೇ ಒಳ್ಳೇದು, ತಪ್ಪು ಚಿಪ್‌ಗೆ ಬರೆಯೋದಕ್ಕಿಂತ.

ವಿಂಡೋಸ್ ಕಡೆ ಮೊದಲು ಮದರ್‌ಬೋರ್ಡ್ ಮಾನಿಟರ್ ಅನ್ನೋ ಪ್ರೋಗ್ರಾಂ ಇತ್ತು, 2004ರಲ್ಲಿ ಅದರ ಕೆಲಸ ನಿಂತುಹೋಯ್ತು, ಆಮೇಲೆ ಬಹಳ ವರ್ಷ ಸ್ಪೀಡ್‌ಫ್ಯಾನ್ ಅಂದ್ರೆ ಎಲ್ಲರಿಗೂ ಗೊತ್ತು, ಹೊಸ ಚಿಪ್‌ಗಳು ಬಂದ ಹಾಗೆ ಅದೂ ಹಿಂದೆ ಬಿತ್ತು. ಗಮನಿಸ್ಬೇಕಾದ್ದು, ಇವೆಲ್ಲ ಹೆಚ್ಚುಕಮ್ಮಿ ಒಬ್ಬೊಬ್ಬರೇ ತಮ್ಮ ಬಿಡುವಿನಲ್ಲಿ ಕಟ್ಟಿದ ಕೆಲಸ. ಈಗ ಜನ ಬಳಸೋ ಫ್ಯಾನ್ ಕಂಟ್ರೋಲ್ ಅನ್ನೋ ಪ್ರೋಗ್ರಾಂ ಚಿಪ್‌ಗಳನ್ನ ಓದೋ ಲಿಬ್ರೆಹಾರ್ಡ್‌ವೇರ್‌ಮಾನಿಟರ್ ಅನ್ನೋ ಇನ್ನೊಂದು ಪ್ರೋಗ್ರಾಂ ಮೇಲೆ ನಿಂತಿದೆ. ಇಂಥವು ಚಿಪ್‌ನ ಪೋರ್ಟ್‌ಗೆ ನೇರ ಬರೀಬೇಕಂದ್ರೆ ವಿಂಡೋಸ್‌ನ ಒಳತಿರುಳಾದ ಕರ್ನಲ್ ಒಳಗೆ ಒಂದು ಡ್ರೈವರ್ ಬೇಕು, ವಿಂಡೋಸ್ ನಂಬೋ ಡಿಜಿಟಲ್ ಸಹಿ ಇರೋ ಡ್ರೈವರ್ ಮಾಡಿಸೋದು ಒಬ್ಬ ಮನುಷ್ಯನಿಗೆ ಸುಲಭ ಅಲ್ಲ, ಹಾಗಾಗಿ ವಿನ್‌ರಿಂಗ್0 ಅನ್ನೋ ಹಳೇ ಡ್ರೈವರನ್ನೇ ಎಲ್ಲರೂ ಹಂಚ್ಕೊಂಡು ಬಳಸಿದ್ರು. ಅದು ಬಾಗಿಲು ಪೂರ್ತಿ ತೆಗೆದಿಡೋ ಡ್ರೈವರ್, ಫ್ಯಾನ್ ಪ್ರೋಗ್ರಾಂ ಬರೆಯೋ ಪೋರ್ಟ್‌ಗೆ ಬೇರೆ ಯಾವ ಪ್ರೋಗ್ರಾಂ ಬೇಕಾದ್ರೂ ಬರೀಬಹುದು. 2020ರಲ್ಲಿ ಭದ್ರತಾ ದೋಷಗಳ ಪಟ್ಟಿಯಲ್ಲಿ ಅದಕ್ಕೊಂದು ನಂಬರ್ ಬಿತ್ತು, 2025ರ ಮಾರ್ಚ್‌ನಲ್ಲಿ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಅದನ್ನ ಅಪಾಯ ಅಂತ ಹಿಡಿದು ಪಕ್ಕಕ್ಕಿಡೋಕೆ ಶುರು ಮಾಡ್ತು, ನಿನ್ನೆವರೆಗೂ ಸುಮ್ಮನಿದ್ದ ಫ್ಯಾನ್‌ಗಳು ಎಷ್ಟೋ ಮನೆಗಳಲ್ಲಿ ಒಂದೇ ಸಲ ಕರ್ವ್ ಮರೆತ್ವು. ಡಿಫೆಂಡರ್ ಮಾಡಿದ್ದು ತಪ್ಪು ಅನ್ನೋಕಾಗಲ್ಲ, ಪ್ರೋಗ್ರಾಂ ಬರೆದವರಿಗೆ ಬೇರೆ ದಾರಿ ಇತ್ತು ಅಂತಾನೂ ಹೇಳೋಕಾಗಲ್ಲ. ಆಮೇಲೆ ಪಾನ್‌ಐಒ ಅನ್ನೋ ಹೊಸ ಡ್ರೈವರ್‌ಗೆ ಫ್ಯಾನ್ ಕಂಟ್ರೋಲ್, ಲಿಬ್ರೆಹಾರ್ಡ್‌ವೇರ್‌ಮಾನಿಟರ್ ಎರಡೂ ಬದಲಾದ್ವು, ಅದರಲ್ಲಿ ಸಹಿ ಇರೋ ಚಿಕ್ಕ ಚಿಕ್ಕ ಮಾಡ್ಯೂಲ್‌ಗಳು ತಮಗೆ ಬೇಕಾದ್ದಷ್ಟನ್ನೇ ಮುಟ್ಟುತ್ವೆ.

ಈ ನಡುವೆ ಬಣ್ಣದ ದೀಪದ ಫ್ಯಾನ್‌ಗಳು ಬಂದು, ಅವಕ್ಕೊಂದು ಹಬ್, ಹಬ್‌ಗೊಂದು ಯುಎಸ್‌ಬಿ ಕೇಬಲ್, ಅದಕ್ಕೆ ಆಯಾ ಕಂಪನಿಯದೇ ಸಾಫ್ಟ್‌ವೇರ್, ಕೆಲವಕ್ಕೆ ಕನೆಕ್ಟರ್ ಕೂಡ ಬೇರೆ ಅಂತ ಆಯ್ತು. ಒಪ್ಪಂದ ಆಗಿದ್ದ ಒಂದೇ ಒಂದು ಜಾಗನೂ ಹೀಗೆ ಕರಗ್ತಿದೆ, ಇದು ನನಗೆ ಬೇಜಾರಿನ ವಿಷಯ.

ಇಷ್ಟೆಲ್ಲ ಆದ್ಮೇಲೂ ಸಾಫ್ಟ್‌ವೇರ್ ಬೇಕು ಅನ್ನಿಸೋಕೆ ಒಂದು ನ್ಯಾಯವಾದ ಕಾರಣ ಇದೆ. ಬಯಾಸ್‌ನಲ್ಲಿ ಕೇಸ್ ಫ್ಯಾನ್ ಸಾಮಾನ್ಯವಾಗಿ ಸಿಪಿಯು ಟೆಂಪರೇಚರ್ ನೋಡ್ಕೊಂಡು ತಿರುಗುತ್ತೆ. ಸಿಪಿಯು ಈಗ ಒಂದು ಟ್ಯಾಬ್ ತೆರೆದ್ರೂ ಕ್ಷಣದಲ್ಲಿ ಹತ್ತಿಪ್ಪತ್ತು ಡಿಗ್ರಿ ಹಾರಿ ಇಳಿಯುತ್ತೆ, ಕೇಸ್ ಒಳಗಿನ ಗಾಳಿ ಮಾತ್ರ ಇದ್ದ ಹಾಗೇ ಇರುತ್ತೆ, ಸುಮ್ನೆ ಫ್ಯಾನ್ ಏರಿ ಇಳಿದು ತಲೆ ಕೆಡಿಸುತ್ತೆ. ಅದೇ ಗೇಮ್ ಆಡುವಾಗ ಕೇಸ್ ತುಂಬಾ ಬಿಸಿ ತುಂಬೋದು ಗ್ರಾಫಿಕ್ಸ್ ಕಾರ್ಡ್, ಅದರ ಟೆಂಪರೇಚರ್ ಹೆಚ್ಚಿನ ಬೋರ್ಡ್‌ಗಳ ಬಯಾಸ್‌ಗೆ ಕಾಣಲ್ಲ. ಅದನ್ನ ನೋಡಿ ಕೇಸ್ ಫ್ಯಾನ್ ಓಡಿಸೋಕೆ ಆಪರೇಟಿಂಗ್ ಸಿಸ್ಟಂ ಒಳಗಿನ ಪ್ರೋಗ್ರಾಂ ಬೇಕು. ಆದ್ರೆ ಆ ಪ್ರೋಗ್ರಾಂ ಚಿಪ್ಪನ್ನ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಮಧ್ಯದಲ್ಲೇ ಸತ್ತುಹೋದ್ರೆ, ಕೊನೇಗೆ ಬರೆದ ಅಂಕಿಯಲ್ಲೇ ಫ್ಯಾನ್ ಉಳ್ಕೊಳ್ಳುತ್ತೆ, ಒಳಗೆ ಎಷ್ಟೇ ಬಿಸಿ ಆದ್ರೂ. ನಾಲ್ಕನೇ ವೈರ್ ವಿನ್ಯಾಸ ಮಾಡಿದವರು ತಡೆದಿದ್ದ ಅಪಾಯ ಇದೇ, ಅದು ಇಲ್ಲಿ ಹಿಂಬಾಗಿಲಿಂದ ವಾಪಸ್ ಬಂದಿದೆ.

ಇದಕ್ಕೆ ಕೆಲವು ಬೋರ್ಡ್‌ಗಳಲ್ಲಿ ಒಂದು ಸಣ್ಣ ಎರಡು ಪಿನ್ ಹೆಡರ್ ಇರುತ್ತೆ, ತುಂಬಾ ಜನ ನೋಡೇ ಇರಲ್ಲ. ಅದಕ್ಕೆ ಬಿಸಿ ಅಳೆಯೋ 10 ಕಿಲೋಓಮ್‌ನ ತೆಳು ಥರ್ಮಿಸ್ಟರ್ ವೈರ್ ಹಾಕಿ, ತುದಿಯನ್ನ ಗ್ರಾಫಿಕ್ಸ್ ಕಾರ್ಡ್‌ನ ಬಿಸಿಗಾಳಿ ಹೊರಬರೋ ಕಡೆ ಅಂಟಿಸಿ, ಬಯಾಸ್‌ನಲ್ಲಿ ಕೇಸ್ ಫ್ಯಾನ್‌ಗೆ ಸೋರ್ಸ್ ಅದೇ ಅಂತ ಆರಿಸಿದ್ರೆ ಆಯ್ತು, ಡ್ರೈವರ್ ಬೇಡ, ಸಹಿ ಬೇಡ, ವಿಂಡೋಸ್ ಹ್ಯಾಂಗ್ ಆದ್ರೂ ಚಿಪ್ ತನ್ನ ಪಾಡಿಗೆ ತನ್ನ ಕರ್ವ್ ನೋಡ್ಕೊಂಡು ಹೋಗುತ್ತೆ. ನನ್ನ ಕೇಸಿನಲ್ಲಿ ಈಗ ಹೀಗೇ ಇದೆ. ಬ್ರೌಸರ್ ತೆರೆದ್ರೆ ಫ್ಯಾನ್ ಕದಲಲ್ಲ, ಗೇಮ್ ಶುರು ಮಾಡಿ ಎರಡ್ಮೂರು ನಿಮಿಷ ಆದ್ಮೇಲೆ ಮುಂದಿನವೆರಡು 700ರಿಂದ ನಿಧಾನಕ್ಕೆ 1000ದ ಹತ್ತಿರ ಬರುತ್ವೆ, ಆಟ ಮುಗಿಸಿ ಸ್ವಲ್ಪ ಹೊತ್ತಾದ್ಮೇಲೆ ಹಾಗೇ ಇಳೀತ್ವೆ.