ಪಟ್ಟಿಯಿಂದ ಹೊಡೆದುಹಾಕಿದ ಭೂಕಂಪ

ಒಂದು ಪ್ರದೇಶಕ್ಕೆ ಭೂಕಂಪದ ಅಪಾಯ ಎಷ್ಟಿದೆ ಎಂದು ಲೆಕ್ಕ ಹಾಕಲು ಮೊದಲು ಬೇಕಾಗುವುದು ಒಂದು ಪಟ್ಟಿ. ದಿನಾಂಕ, ಸಮಯ, ಅಕ್ಷಾಂಶ, ರೇಖಾಂಶ, ಆಳ, ತೀವ್ರತೆ. ಇದನ್ನು ಬರೀ ಗುಮಾಸ್ತಿಕೆ ಎಂದುಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಟ್ಟಿ ಕೆಟ್ಟರೆ ಮುಂದಿನ ಗಣಿತ ಎಷ್ಟೇ ಚೆನ್ನಾಗಿದ್ದರೂ ಉಪಯೋಗವಿಲ್ಲ.

1737ರ ಅಕ್ಟೋಬರ್‌ನಲ್ಲಿ ಕಲ್ಕತ್ತಾದಲ್ಲಿ ಭೂಕಂಪಕ್ಕೆ ಮೂರು ಲಕ್ಷ ಜನ ಸತ್ತರೆಂದು ಪುಸ್ತಕಗಳು ಬಹುಕಾಲ ಹೇಳುತ್ತಲೇ ಬಂದವು. ಆಗ ಊರಿನ ಜನಸಂಖ್ಯೆಯೇ ಸುಮಾರು 20,000! ಭೂಕಂಪ ವಿಜ್ಞಾನಿ ರೋಜರ್ ಬಿಲ್ಹ್ಯಾಮ್ ಹಳೆಯ ದಾಖಲೆಗಳನ್ನು ಕೆದಕಿ 1994ರಲ್ಲಿ ಬರೆದರು: ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳಲ್ಲಿರುವುದು ಚಂಡಮಾರುತ, ಊರಿನಲ್ಲಿ ಸತ್ತವರು ಸುಮಾರು 3,000. ಅಂಥ ಒಂದು ಸಾಲನ್ನು ಹೊಡೆದುಹಾಕುವುದು ಹೊಸದೊಂದನ್ನು ಸೇರಿಸುವಷ್ಟೇ ದೊಡ್ಡ ಕೆಲಸ.

ದಕ್ಷಿಣದಲ್ಲಿ ತೊಡಕು ಬೇರೆ. ಭೂವಿಜ್ಞಾನಿ ಥಾಮಸ್ ಓಲ್ಡ್‌ಹ್ಯಾಮ್ ಸಂಗ್ರಹಿಸಿದ ಭಾರತದ ಭೂಕಂಪಗಳ ಪಟ್ಟಿ 1883ರಲ್ಲಿ ಅಚ್ಚಾಯಿತು. 1843ರ ಬಳ್ಳಾರಿ ಕಂಪನದಂಥ ಘಟನೆಗಳಿಗೆ ಯಂತ್ರದ ಸಾಕ್ಷಿಯಿಲ್ಲ, ಜನ ಬರೆದಿಟ್ಟದ್ದೇ ಆಧಾರ. ಪಾತ್ರೆ ಅಲುಗಾಡಿದರೆ ಒಂದು ದರ್ಜೆ, ಗೋಡೆ ಬಿರುಕು ಬಿಟ್ಟರೆ ಇನ್ನೊಂದು. ಆದರೆ ಯಾವ ಗೋಡೆ? ಕಲ್ಲು-ಮಣ್ಣಿನ ದಪ್ಪ ಗೋಡೆ ಸಣ್ಣ ಅಲುಗಾಟಕ್ಕೂ ಕುಸಿಯುತ್ತದೆ. ಇದನ್ನು ಗಮನಿಸದಿದ್ದರೆ ತೀವ್ರತೆ ಸುಮ್ಮನೆ ಏರಿಬಿಡುತ್ತದೆ.

ಭಾರತದ ಮೊದಲ ಭೂಕಂಪಮಾಪಕ ಕಲ್ಕತ್ತಾದ ಅಲಿಪುರದಲ್ಲಿ ಶುರುವಾದದ್ದು 1898ರಲ್ಲಿ. ನಮ್ಮ ಗೌರಿಬಿದನೂರಿನ ಕೇಂದ್ರ 1965ರದ್ದು. ಅಂದರೆ ಸಣ್ಣ ಕಂಪನಗಳು ಸರಿಯಾಗಿ ದಾಖಲಾಗುತ್ತಿರುವುದು ಕೆಲವೇ ದಶಕಗಳಿಂದ. ಇನ್ನೂರು ವರ್ಷದ ಪಟ್ಟಿ ಇದೆಯೆಂದು ತೀವ್ರತೆ 4ರ ಕಂಪನಗಳನ್ನೂ ಇನ್ನೂರರಿಂದಲೇ ಭಾಗಿಸಿದರೆ ಅವು ಅಪರೂಪವೆಂಬ ಸುಳ್ಳು ಉತ್ತರ ಬರುತ್ತದೆ. ಹಾಗಾಗಿ ಯಾವ ತೀವ್ರತೆಗೆ ಪಟ್ಟಿ ಯಾವ ವರ್ಷದಿಂದ ಪೂರ್ಣ ಎಂದು ಬೇರೆಬೇರೆಯಾಗಿ ನಿರ್ಧರಿಸುತ್ತೇವೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ವಿವೇಚನೆ ಬೇಡುವುದು ಇದೇ.

ಒಂದೇ ಘಟನೆ ಹಲವು ಸಲ ಎಣಿಕೆಯಾಗದಂತೆ ಮುಖ್ಯ ಕಂಪನದ ಹಿಂದುಮುಂದಿನ ಮರಿಕಂಪನಗಳನ್ನೂ ತೆಗೆಯಬೇಕು. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿಯ ಕಂಪನಗಳನ್ನಂತೂ ಪ್ರತ್ಯೇಕವಾಗಿಯೇ ಇಡಬೇಕು. 1967ರ ಡಿಸೆಂಬರ್ 11ರ 6.3 ತೀವ್ರತೆಯ ಕಂಪನವೂ ಆಮೇಲಿನ ನೂರಾರು ಕಂಪನಗಳೂ ಜಲಾಶಯದ ನೀರಿಗೆ ತಳುಕು ಹಾಕಿಕೊಂಡಿವೆ. ಅವನ್ನು ಇಡೀ ದಖ್ಖನ್ನಿನ ಲೆಕ್ಕಕ್ಕೆ ಬೆರೆಸಿದರೆ ರಾಯಚೂರಿಗೂ ಕೊಯ್ನಾದ ಅಪಾಯ ಅಂಟಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದರೂ ಪಟ್ಟಿ ಮೌನವಾಗಿರುವ ಜಾಗಗಳಿವೆ. ಕಲಬುರಗಿ, ಬೀದರಿಗೆ ಹತ್ತಿರದ ಕಿಲ್ಲಾರಿ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2 ತೀವ್ರತೆಯ ಕಂಪನಕ್ಕೆ ಹತ್ತು ಸಾವಿರದಷ್ಟು ಜನ ಸತ್ತರು. ಅದಕ್ಕೂ ಹಿಂದಿನ ವರ್ಷವೇ ಅಲ್ಲಿ ಸಣ್ಣ ಕಂಪನಗಳು ಶುರುವಾಗಿದ್ದವು. 2002ರ ನಕ್ಷೆಯಲ್ಲಿ ಒಂದನೇ ವಲಯವನ್ನೇ ತೆಗೆದರು. ದಖ್ಖನ್ನಿನ ಯಾವುದೇ ಊರಿಗೆ ಗರಿಷ್ಠ ತೀವ್ರತೆ ನಿಗದಿ ಮಾಡುವಾಗ ನಾನು ಆ ಊರಿನ ದಾಖಲೆಯೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಅದೇ ಬಗೆಯ ಶಿಲೆ, ಅದೇ ಬಗೆಯ ಬಿರುಕು ಇರುವಲ್ಲೆಲ್ಲ ಕಿಲ್ಲಾರಿಯ 6.2ನ್ನು ಸಾಧ್ಯವೆಂದೇ ಹಿಡಿಯುತ್ತೇನೆ.