ಗುಳ್ಳೆ ಚೆನ್ನಾಗೇ ಬರುತ್ತಿವೆ, ಆದರೂ ಮೀನಿನ ಮರಿ ಯಾಕೆ ಸಾಯುತ್ತಿವೆ?

ಪ್ರಶ್ನೆ: ನಾನು ಯಾದಗಿರಿಯಲ್ಲಿ ಮನೆಯಲ್ಲೇ ಗಪ್ಪಿ ಸಾಕುತ್ತೇನೆ. ಮರಿಗಳಿಗೆ ಅಂತ ಬೇರೆ ಟ್ಯಾಂಕ್ ಮಾಡಿ, ಹೊಸ ಸ್ಪಾಂಜ್ ಫಿಲ್ಟರ್ ಹಾಕಿದ್ದೇನೆ. ಏರ್ ಪಂಪ್ ಹಗಲೂ ರಾತ್ರಿ ಓಡುತ್ತದೆ. ನೀರು ತಿಳಿಯಾಗಿದೆ. ಆದರೂ ನಾಲ್ಕೈದು ದಿನದಿಂದ ಮರಿಗಳು ಒಂದೊಂದಾಗಿ ಸಾಯುತ್ತಿವೆ. ಇದನ್ನು ತೆಗೆದು ದೊಡ್ಡ ಪವರ್ ಫಿಲ್ಟರ್ ಹಾಕಲಾ?

ಉತ್ತರ: ಬೇಡ. ಮೋಟಾರಿನಿಂದ ಜೋರಾಗಿ ನೀರೆಳೆಯುವ ಪವರ್ ಫಿಲ್ಟರ್ ಹಾಕಿದರೆ ಉಳಿದ ಮರಿಗಳನ್ನೂ ಅದು ಎಳೆದುಕೊಳ್ಳುತ್ತದೆ. ಮರಿ ಟ್ಯಾಂಕಿಗೆ ಸ್ಪಾಂಜ್ ಫಿಲ್ಟರೇ ಸರಿ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ಹೊಸ’ ಅನ್ನುವ ಮಾತು. ತೊಂದರೆ ಇರುವುದು ಅಲ್ಲೇ.

ಪಂಪಿನ ಗಾಳಿ ಕೊಳವೆಯೊಳಗೆ ಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ಬೆರೆತ ನೀರು ಹಗುರಾಗಿ ಮೇಲೇರುತ್ತದೆ. ಅದರ ಜಾಗ ತುಂಬಲು ಸುತ್ತಲಿನ ನೀರು ಸ್ಪಾಂಜಿನ ತೂತುಗಳಿಂದ ಒಳಗೆ ನುಗ್ಗುತ್ತದೆ. ಕಸ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೆ ಕಸ ಹಿಡಿಯುವುದು ಸ್ಪಾಂಜಿನ ಸಣ್ಣ ಕೆಲಸ. ದೊಡ್ಡ ಕೆಲಸ ಮಾಡುವುದು ಅದರೊಳಗೆ ನೆಲೆಸುವ ಬ್ಯಾಕ್ಟೀರಿಯಾ. ಮರಿಗಳ ಹಿಕ್ಕೆ, ಮಿಕ್ಕ ಆಹಾರ ಇವೆಲ್ಲದರಿಂದ ನೀರಿಗೆ ಅಮೋನಿಯಾ ಅನ್ನುವ ವಿಷ ಸೇರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಅಷ್ಟು ವಿಷವಲ್ಲದ ನೈಟ್ರೇಟ್ ಮಾಡುತ್ತದೆ. ಇವು ಸಾಕಷ್ಟು ಬೆಳೆಯಲು 4ರಿಂದ 6 ವಾರ ಬೇಕು.

ಹೊಸ ಸ್ಪಾಂಜ್ ಅಂದರೆ ಹೆಪ್ಪು ಹಾಕದ ಹಾಲು. ಎಷ್ಟು ಹೊತ್ತು ಇಟ್ಟರೂ ಬೆಳಗ್ಗೆ ಮೊಸರಾಗುವುದಿಲ್ಲ. ಗುಳ್ಳೆ ಬಂದರೆ ಪಂಪ್ ಓಡುತ್ತಿದೆ ಅಂತ ಮಾತ್ರ ಗೊತ್ತಾಗುತ್ತದೆ, ಒಳಗೆ ಜೀವ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ತಿಳಿ ನೀರನ್ನೂ ನಂಬಬೇಡಿ. ಅಮೋನಿಯಾಕ್ಕೆ ಬಣ್ಣವಿಲ್ಲ.

ನಮ್ಮ ಕಡೆ ಇದು ಇನ್ನೂ ಜೋರು. ಶಹಾಬಾದ್, ಸೇಡಂ, ಚಿತ್ತಾಪುರ ಎಲ್ಲ ಸುಣ್ಣದ ಕಲ್ಲಿನ ನೆಲ. ನಾವು ಓಡಾಡುವ ಫರ್ಸಿಯೂ ಅದೇ ಕಲ್ಲು. ಅಂಥ ನೆಲದ ಬೋರ್‌ವೆಲ್ ನೀರು ಗಡಸು. ಗಪ್ಪಿ, ಮಾಲಿ ಮೀನುಗಳಿಗೆ ಗಡಸು ನೀರು ಒಗ್ಗುತ್ತದೆ, ಅದೇನೋ ಒಳ್ಳೆಯದೇ. ಆದರೆ ಇಂಥ ನೀರಿನ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಸಾಮಾನ್ಯವಾಗಿ 7ಕ್ಕಿಂತ ಮೇಲಿರುತ್ತದೆ. ಪಿಎಚ್ ಏರಿದಷ್ಟೂ, ನೀರು ಬಿಸಿಯಾದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ. ಪಿಎಚ್ 7, 25 ಡಿಗ್ರಿ ಇರುವ ನೀರಿಗಿಂತ ಪಿಎಚ್ 8, 30 ಡಿಗ್ರಿ ಇರುವ ನೀರಿನಲ್ಲಿ ಅದೇ ಅಮೋನಿಯಾದ ವಿಷದ ಪಾಲು ಹತ್ತು ಪಟ್ಟಿಗಿಂತ ಜಾಸ್ತಿ. ಬೇಸಿಗೆಯಲ್ಲಿ ಮರಿ ಮಾಡಿಸುವವರು ಇದನ್ನು ಮರೆಯಲೇಬಾರದು.

ಹಾಗಾದರೆ ಈಗ ಏನು ಮಾಡೋದು? ಮೊದಲು ಆಹಾರ ಕಡಿಮೆ ಮಾಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ, ತಳಕ್ಕೆ ಬಿದ್ದದ್ದನ್ನು ಸಣ್ಣ ಪೈಪಿನಿಂದ ಎಳೆದು ತೆಗೆಯಿರಿ. ದಿನಾ ಐದರಲ್ಲಿ ಒಂದು ಪಾಲು ನೀರು ಬದಲಿಸಿ. ನಲ್ಲಿ ನೀರಾದರೆ ಹಿಂದಿನ ದಿನವೇ ಬಾಯಿ ತೆರೆದ ಡ್ರಮ್ಮಿನಲ್ಲಿ ಹಿಡಿದಿಡಿ, ಕ್ಲೋರಿನ್ ಹಾರಿಹೋಗಲಿ. ಆಮೇಲೆ ಹೆಪ್ಪು. ದೊಡ್ಡ ಮೀನುಗಳ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಓಡಿದ ಸ್ಪಾಂಜ್ ಇದ್ದರೆ, ಅದರ ಒಂದು ತುಂಡನ್ನು ಮರಿ ಟ್ಯಾಂಕಿಗೆ ತನ್ನಿ. ಇಲ್ಲವೇ ಅದನ್ನು ಹೊಸ ಸ್ಪಾಂಜಿನ ಮೇಲೆ ಹಿಂಡಿ. ಆ ಕಂದು ರಾಡಿ ನೋಡಲು ಹೊಲಸು, ಆದರೆ ನಿಮಗೆ ಬೇಕಾದ ಜೀವ ಅದರಲ್ಲೇ ಇದೆ. ಕಾಯಿಲೆ ಬಂದ ಟ್ಯಾಂಕಿನಿಂದ ಮಾತ್ರ ತರಬೇಡಿ.

ತೊಳೆಯುವ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಒಂದು ಬೇಸಿಗೆಯಲ್ಲಿ ಏಂಜೆಲ್ ಮೀನಿನ ಮರಿಗಳ ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು, ರಾಡಿ ಪೂರ್ತಿ ಹೋಗುವವರೆಗೂ ಹಿಂಡಿದೆ. ಮೂರನೇ ಬೆಳಗ್ಗೆ ತಳದ ತುಂಬ ಸತ್ತ ಮರಿ. ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಸ್ಪಾಂಜನ್ನು ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು. ನೀರು ಎಳೆಯುವುದು ನಿಧಾನವಾದಾಗ ತೊಳೆದರಾಯಿತು, ವಾರಕ್ಕೊಮ್ಮೆ ಅಂತ ನಿಯಮ ಬೇಡ. ಎರಡು ಸ್ಪಾಂಜ್ ಇರುವ ಫಿಲ್ಟರ್ ಆದರೆ ಈ ಸಲ ಒಂದು, ಮುಂದಿನ ಸಲ ಇನ್ನೊಂದು. ಪಾತ್ರೆ ತಿಕ್ಕುವ ಸ್ಪಾಂಜ್ ಕತ್ತರಿಸಿ ಹಾಕಬೇಡಿ, ಕೆಲವದರಲ್ಲಿ ಕೀಟಾಣು ಕೊಲ್ಲುವ ಮದ್ದು ಇರುತ್ತದೆ.

ಗಾಳಿ ಜಾಸ್ತಿ ಬಿಟ್ಟರೆ ಒಳ್ಳೆಯದು ಅಂತಲೂ ಅಲ್ಲ. ಮರಿಗಳು ಈಜುವುದರಲ್ಲೇ ಸುಸ್ತಾಗುತ್ತವೆ. ಪೈಪಿಗೆ ಸಣ್ಣ ವಾಲ್ವ್ ಹಾಕಿ ತಗ್ಗಿಸಿ. ಬೆಟ್ಟಾ ಮೀನಿನ ಮರಿ ಮಾಡಿಸುವವರಂತೂ ಗುಳ್ಳೆ ಎಣಿಸುವಷ್ಟು ನಿಧಾನ ಇಡಬೇಕು, ಇಲ್ಲದಿದ್ದರೆ ಗಂಡು ಕಟ್ಟಿದ ನೊರೆಗೂಡು ಒಡೆದುಹೋಗುತ್ತದೆ.

ಇನ್ನು ಕರೆಂಟ್. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ನೀರು ವಾಪಸ್ ಬಾರದ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಟ್ಯಾಂಕಿನ ನೀರು ಪೈಪಿನಲ್ಲಿ ಇಳಿದು ಪಂಪಿಗೆ ಸೇರುತ್ತದೆ. ಸಣ್ಣ ಏರ್ ಪಂಪ್ ಎಳೆಯುವುದು ಕೆಲವೇ ವ್ಯಾಟ್, ಮನೆಯ ಇನ್ವರ್ಟರಿಗೆ ಅದು ಭಾರವೇ ಅಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ, ಹಾಗಾಗಿ ಮೇ ತಿಂಗಳಲ್ಲಿ ಗಾಳಿ ನಿಂತರೆ ಮರಿಗಳ ಜೊತೆ ಬ್ಯಾಕ್ಟೀರಿಯಾಕ್ಕೂ ಉಸಿರು ಕಟ್ಟುತ್ತದೆ. ತುಂಬ ಹೊತ್ತು ನಿಂತಿದ್ದರೆ, ಮತ್ತೆ ಓಡಿಸುವ ಮೊದಲು ಸ್ಪಾಂಜನ್ನು ಮೂಸಿ ನೋಡಿ. ಕೊಳೆತ ವಾಸನೆ ಬಂದರೆ ಟ್ಯಾಂಕ್ ನೀರಿನಲ್ಲಿ ಹಿಂಡಿ ಆಮೇಲೆ ಹಾಕಿ.

ಗಪ್ಪಿ ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಇನ್ನೊಂದು ಸ್ಪಾಂಜ್ ಫಿಲ್ಟರ್ ತಂದು ಇವತ್ತೇ ದೊಡ್ಡ ಟ್ಯಾಂಕಿನ ಮೂಲೆಯಲ್ಲಿ ಓಡಲು ಬಿಡಿ. ಮುಂದಿನ ಮರಿಗಳು ಬಂದಾಗ ಅದನ್ನೇ ಎತ್ತಿ ಅವುಗಳ ಟ್ಯಾಂಕಿಗೆ ಇಟ್ಟುಬಿಡಿ.